ಗುರುತ್ವ ಎಂಟುನೂರು: ಆಟದ ಎಂಜಿನ್ನಿನಲ್ಲಿ ಚರಗಳ ಆಡಳಿತ

ಮೇಲಕ್ಕೆಸೆದ ಕಲ್ಲು ಕೆಳಕ್ಕೆ ಬೀಳುವಾಗ ಅದರ ವೇಗವು ಪ್ರತಿಯೊಂದು ಸೆಕೆಂಡಿನಲ್ಲಿಯೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತ ಹೋಗುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ಸಂಖ್ಯೆಯನ್ನು ಅಳೆಯುವುದಕ್ಕೆಂದು ನಾವು ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗುಹಾಕಿ, ಅದರ ಆಂದೋಲನಗಳನ್ನು ಎಣಿಸುತ್ತ, ಗಡಿಯಾರದ ಮುಳ್ಳನ್ನು ನೋಡುತ್ತ ಕುಳಿತಿರುತ್ತೇವೆ. ಅಳೆಯಬಹುದೇ ಹೊರತು ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಎತ್ತರವಾದ ಬೆಟ್ಟದ ತುದಿಗೆ ಹೋದರೆ ಅದು ಎಳ್ಳಷ್ಟು ಕಡಿಮೆಯಾದೀತು, ಧ್ರುವಪ್ರದೇಶಕ್ಕೆ ಹೋದರೆ ಎಳ್ಳಷ್ಟು ಹೆಚ್ಚೀತು, ಅಷ್ಟೆ.

ಆದರೆ ಈ ಸಂಖ್ಯೆಯನ್ನು ಒಂದೇ ಒಂದು ಸಾಲು ಬರೆದು ಬದಲಾಯಿಸಬಹುದಾದ ಲೋಕವೊಂದುಂಟು. 1996ರ ಜೂನ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ‘ಇಡ್ ಸಾಫ್ಟ್‌ವೇರ್’ ಎಂಬ ಸಂಸ್ಥೆಯು ‘ಕ್ವೇಕ್’ ಎಂಬ ಗಣಕಯಂತ್ರದ ಆಟವನ್ನು ಹೊರತಂದಿತು. ಆಟದ ನಡುವೆ ಕೀಲಿಮಣೆಯ ಎಡ ಮೇಲ್ಮೂಲೆಯಲ್ಲಿರುವ ಕೀಲಿಯನ್ನು ಒತ್ತಿದರೆ, ನಾಟಕದ ಪರದೆ ಇಳಿಯುವಂತೆ, ಮೇಲಿನಿಂದ ಒಂದು ಬರೆಹದ ಹಲಗೆ ಇಳಿದು ಬರುತ್ತದೆ. ಇದಕ್ಕೆ ಕನ್ಸೋಲ್ ಎಂದು ಹೆಸರು. ಅಲ್ಲಿ ‘ಎಸ್‌ವಿ_ಗ್ರಾವಿಟಿ 100’ ಎಂದು ಬರೆದು ಒತ್ತುಗೀಲಿಯನ್ನು ಒತ್ತಿದ ಕ್ಷಣದಿಂದ ಆ ಲೋಕದ ವಸ್ತುಗಳೆಲ್ಲ ಹತ್ತಿಯಂತೆ ಮೆಲ್ಲಗೆ ಬೀಳತೊಡಗುತ್ತವೆ. ಹಾಗೆ ಬರೆಯುವುದಕ್ಕೆ ಮುಂಚೆ ಅಲ್ಲಿದ್ದ ಬೆಲೆ 800.

ಎಂಟುನೂರು ಎಂದರೆ ಎಷ್ಟು? ಭೌತವಿಜ್ಞಾನದ ವಿದ್ಯಾರ್ಥಿ ಏಕಮಾನವನ್ನು ಕೇಳದೆ ಸಂಖ್ಯೆಯನ್ನು ಒಪ್ಪಿಕೊಳ್ಳಬಾರದು. ಆ ಲೋಕದ ಉದ್ದದ ಏಕಮಾನಕ್ಕೆ ಬೇರೆ ಹೆಸರಿಲ್ಲ. ಅದನ್ನು ಬರಿಯ ಏಕಮಾನವೆಂದೇ ಕರೆಯುತ್ತಾರೆ. ಆಟಗಾರನ ದೇಹವನ್ನು ಸುತ್ತುವರಿದ ಪೆಟ್ಟಿಗೆಯ ಎತ್ತರ 56 ಏಕಮಾನಗಳು. ಆಳಿನ ಎತ್ತರವನ್ನು 1.75 ಮೀಟರ್ ಎಂದು ಭಾವಿಸಿದರೆ ಒಂದು ಏಕಮಾನವು ಸುಮಾರು 3.1 ಸೆಂಟಿಮೀಟರ್ ಆಗುತ್ತದೆ. ಆಗ 800 ಎಂಬುದು ಸೆಕೆಂಡಿನ ವರ್ಗಕ್ಕೆ 25 ಮೀಟರಿನ ವೇಗೋತ್ಕರ್ಷ. ಭೂಮಿಯ ಮೇಲಿನದಕ್ಕಿಂತ ಎರಡೂವರೆ ಪಾಲಿನಷ್ಟು! ಆಟಗಾರನು ನೆಗೆಯುವಾಗ ಅವನ ವೇಗ ಸೆಕೆಂಡಿಗೆ 270 ಏಕಮಾನ. ವೇಗದ ವರ್ಗವನ್ನು ಗುರುತ್ವದ ಇಮ್ಮಡಿಯಿಂದ ಭಾಗಿಸಿದರೆ ನೆಗೆತದ ಎತ್ತರ 45.56 ಏಕಮಾನ, ಎಂದರೆ ಸುಮಾರು 1.42 ಮೀಟರ್ ಎಂದು ತಿಳಿಯುತ್ತದೆ. ನೆಲವನ್ನು ಬಿಟ್ಟು ಮತ್ತೆ ನೆಲವನ್ನು ಮುಟ್ಟುವುದಕ್ಕೆ ಹಿಡಿಯುವ ಕಾಲ 0.675 ಸೆಕೆಂಡು. ನಮ್ಮ ಭೂಮಿಯ ಮೇಲೆ ಅಷ್ಟೇ ಎತ್ತರಕ್ಕೆ ನೆಗೆಯಬಲ್ಲವನೊಬ್ಬನಿದ್ದರೆ ಅವನು 1.08 ಸೆಕೆಂಡಿನ ಕಾಲ ಗಾಳಿಯಲ್ಲಿರಬೇಕಾಗುತ್ತಿತ್ತು. ಹಗೆಯ ಗುರಿಗೆ ಸಿಕ್ಕಿಕೊಂಡು ಅಷ್ಟು ಹೊತ್ತು ತೇಲುತ್ತಿರುವುದು ಯಾರಿಗೂ ಹಿತವಲ್ಲ. ಎತ್ತರದ ನೆಗೆತವೂ ಬೇಕು, ಬೇಗನೆ ನೆಲಕ್ಕೆ ಇಳಿಯಲೂ ಬೇಕು ಎಂದರೆ ಗುರುತ್ವವನ್ನು ಹೆಚ್ಚಿಸದೆ ಬೇರೆ ದಾರಿಯಿಲ್ಲ. ಈ ಸಂಖ್ಯೆಯ ಹಿಂದಿರುವುದು ನಿಸರ್ಗದ ನಿಯಮವಲ್ಲ, ಆಟದ ರುಚಿ ಎಂದು ನನ್ನ ಅಭಿಪ್ರಾಯ.

ಇಂತಹ ರುಚಿಯನ್ನು ಕಾಗದದ ಮೇಲೆ ಲೆಕ್ಕಹಾಕಿ ಕಂಡುಹಿಡಿಯಲಾಗದು. 800ರ ಬದಲು 750 ಇದ್ದರೆ ಹೇಗೆ, 900 ಇದ್ದರೆ ಹೇಗೆ ಎಂದು ಆಡಿಯೇ ನೋಡಬೇಕು. ಸಂಖ್ಯೆಯನ್ನು ಪ್ರೋಗ್ರಾಮಿನ ಮೂಲಪಾಠದಲ್ಲಿ ನೆಟ್ಟುಬಿಟ್ಟಿದ್ದರೆ ಪ್ರತಿಯೊಂದು ಸಲವೂ ಆಟವನ್ನು ನಿಲ್ಲಿಸಿ, ಮೂಲಪಾಠವನ್ನು ತಿದ್ದಿ, ಅದನ್ನು ಯಂತ್ರಭಾಷೆಗೆ ಪರಿವರ್ತಿಸಿ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಅದರ ಬದಲು ಸಂಖ್ಯೆಗೊಂದು ಹೆಸರಿಟ್ಟು, ಆಟ ನಡೆಯುತ್ತಿರುವಾಗಲೇ ಹೊರಗಿನಿಂದ ಅದನ್ನು ತಿರುಗಿಸಲು ಬರುವಂತೆ ಏರ್ಪಡಿಸಿದರೆ ಎಷ್ಟು ಅನುಕೂಲ! ರೇಡಿಯೋ ಪೆಟ್ಟಿಗೆಯ ತಿರುಪಿನ ಹಾಗೆ ಎನ್ನಬಹುದು. ಹೀಗೆ ಹೆಸರುಳ್ಳ, ಹೊರಗಿನಿಂದ ಬದಲಾಯಿಸಬಹುದಾದ ಬೆಲೆಗೆ ‘ಕನ್ಸೋಲ್ ಚರ’ವೆಂದು ಹೇಳೋಣ. ಬಲ್ಲವರು ಇದನ್ನು ಚಿಕ್ಕದಾಗಿ ‘ಸೀವಾರ್’ ಎನ್ನುತ್ತಾರೆ.

ಕ್ವೇಕ್ ಆಟದ ಮೂಲಪಾಠವನ್ನು 1999ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಆದ್ದರಿಂದ ಈ ಚರಗಳ ಒಳಗಿನ ಕಟ್ಟಡವನ್ನು ಯಾರು ಬೇಕಾದರೂ ಓದಿ ನೋಡಬಹುದು. ಕಾಲೇಜಿನಲ್ಲಿ ಸಿ ಭಾಷೆಯನ್ನು ಕಲಿತವರಿಗೆ ಅದು ಕಷ್ಟದ ಓದಲ್ಲ. ಪ್ರತಿಯೊಂದು ಚರಕ್ಕೂ ಒಂದು ಹೆಸರು, ಅಕ್ಷರರೂಪದ ಒಂದು ಬೆಲೆ, ಸಂಖ್ಯಾರೂಪದ ಒಂದು ಬೆಲೆ, ಎರಡು ಗುರುತುಗಳು, ಮುಂದಿನ ಚರ ಎಲ್ಲಿದೆಯೆಂಬುದರ ವಿಳಾಸ, ಇಷ್ಟೆ. ಒಂದೇ ಬೆಲೆಯನ್ನು ಎರಡು ರೂಪಗಳಲ್ಲಿ ಇಡುವುದೇಕೆಂದು ಕೇಳಬಹುದು. ಮನುಷ್ಯನು ಬರೆಯುವುದು ಅಕ್ಷರಗಳನ್ನು. ಗುರುತ್ವದ ಲೆಕ್ಕ ಮಾಡುವ ಭಾಗಕ್ಕೆ ಬೇಕಾದುದು ಸಂಖ್ಯೆ. ಸೆಕೆಂಡಿಗೆ ಹತ್ತಾರು ಸಲ ಅಕ್ಷರಗಳನ್ನು ಓದಿ ಸಂಖ್ಯೆಯಾಗಿ ಪರಿವರ್ತಿಸುತ್ತ ಕುಳಿತರೆ ಯಂತ್ರದ ಶ್ರಮ ವ್ಯರ್ಥ. ಬೆಲೆ ಬದಲಾದಾಗ ಒಮ್ಮೆ ಪರಿವರ್ತಿಸಿಟ್ಟುಕೊಂಡರೆ ಸಾಕು. ಹೆಸರನ್ನು ಹುಡುಕುವಾಗ ಮಾತ್ರ ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ತಡವುತ್ತ ಹೋಗುವ ಹಳೆಯ ಪದ್ಧತಿ ಅಲ್ಲಿದೆ. ಮನುಷ್ಯನ ಬೆರಳಿನ ವೇಗಕ್ಕೆ ಅದು ಧಾರಾಳವಾಗಿ ಸಾಕಾಗುತ್ತದೆ. 1999ರಲ್ಲಿ ಬಂದ ಮೂರನೆಯ ಕ್ವೇಕ್ ಆಟದ ಹೊತ್ತಿಗೆ ಚರಗಳ ಸಂಖ್ಯೆ ಬೆಳೆದಿತ್ತು. 1,024 ಚರಗಳಿಗೆ ಸ್ಥಳವನ್ನು ಗೊತ್ತುಮಾಡಿ, ಹೆಸರಿನ ಅಕ್ಷರಗಳಿಂದ ಒಂದು ಲೆಕ್ಕಮಾಡಿ, ಅವುಗಳನ್ನು 256 ಗೂಡುಗಳಲ್ಲಿ ಹಂಚಿ ಇಡುವ ಏರ್ಪಾಡನ್ನು ಮಾಡಿದರು. ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ಬೀದಿಬೀದಿಗೆ ವಿಂಗಡಿಸಿಡುವಂತೆ.

ಇಷ್ಟರಿಂದಲೇ ಕೆಲಸ ಮುಗಿಯುವಂತಿದ್ದರೆ ಆಡಳಿತದ ಮಾತು ಬರುತ್ತಿರಲಿಲ್ಲ. ತಿರುಪು ಒಂದು, ಅದನ್ನು ತಿರುಗಿಸಬಯಸುವ ಕೈಗಳು ಹಲವು. ತೊಡಕು ಹುಟ್ಟುವುದು ಇಲ್ಲಿ.

ಮೊದಲನೆಯ ಕ್ವೇಕ್ ಆಟದಲ್ಲಿಯೇ ಇದಕ್ಕೆ ಒಂದು ಸೊಗಸಾದ ನಿದರ್ಶನವಿದೆ. ಅದರ ಮೊದಲನೆಯ ಖಂಡದಲ್ಲಿ ‘ಜಿಗುರಾಟ್ ವರ್ಟಿಗೊ’ ಎಂಬ ಗುಪ್ತವಾದ ಅಂಕಣವುಂಟು. ಅಲ್ಲಿನ ಗುರುತ್ವ ನೂರು ಮಾತ್ರ. ಮೇಲೆ ಮಾಡಿದ ಲೆಕ್ಕವನ್ನೇ ಮತ್ತೆ ಮಾಡಿದರೆ ಅಲ್ಲಿ ನೆಗೆದವನು 364.5 ಏಕಮಾನ, ಎಂದರೆ ಹನ್ನೊಂದು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತಾನೆ. ಇಳಿಯುವ ಹೊತ್ತಿಗೆ 5.4 ಸೆಕೆಂಡು ಕಳೆದಿರುತ್ತದೆ. ಇನ್ನು ಈ ಅಂಕಣವನ್ನು ಮುಗಿಸಿ ಮುಂದಿನದಕ್ಕೆ ಹೋದಾಗ ಗುರುತ್ವವನ್ನು ಯಾರು ಹಿಂದಕ್ಕೆ ತರಬೇಕು? ಆಟದ ಕರ್ತೃಗಳು ಇದನ್ನು ಸರಳವಾಗಿ ಪರಿಹರಿಸಿದರು: ಪ್ರತಿಯೊಂದು ಅಂಕಣವು ತೆರೆಯುವಾಗಲೂ ಅದು ಜಿಗುರಾಟ್ ಹೌದೆ ಎಂದು ನೋಡುವುದು, ಹೌದಾದರೆ 100, ಅಲ್ಲವಾದರೆ 800 ಎಂದು ಬರೆಯುವುದು. ಪರಿಹಾರವೇನೋ ಸರಿ. ಆದರೆ ಆಟಗಾರನೊಬ್ಬನು ಸ್ನೇಹಿತರೊಡನೆ ಆಡುವುದಕ್ಕೆಂದು ತಾನಾಗಿಯೇ ಗುರುತ್ವವನ್ನು 400ಕ್ಕೆ ಇಳಿಸಿಕೊಂಡಿದ್ದನೆನ್ನಿ. ಮುಂದಿನ ಅಂಕಣ ತೆರೆದಾಗ ಅವನ ಆಜ್ಞೆ ಹೇಳಹೆಸರಿಲ್ಲದೆ ಅಳಿಸಿಹೋಗುತ್ತದೆ. ಯಾರ ಮಾತು ಯಾರ ಮಾತಿಗಿಂತ ಮೇಲು ಎಂಬುದನ್ನು ಆ ಚರವು ನೆನಪಿಟ್ಟುಕೊಳ್ಳುವುದಿಲ್ಲ. ಕಡೆಯಲ್ಲಿ ಬರೆದವನೇ ಗೆದ್ದವನು.

ಮೂರನೆಯ ಕ್ವೇಕ್‌ನ ಮೂಲಪಾಠವನ್ನು 2005ರ ಆಗಸ್ಟಿನಲ್ಲಿ ಬಿಡುಗಡೆಮಾಡಿದರು. ಅದರಲ್ಲಿ ಈ ಆಡಳಿತವು ಬಲಿತು ನಿಂತಿರುವುದನ್ನು ಕಾಣಬಹುದು. ಆಟ ಆರಂಭವಾದಾಗ ಮೊದಲು ಸಂಸ್ಥೆಯವರು ಬರೆದ ಕಡತವನ್ನು ಓದುತ್ತದೆ. ಬಳಿಕ ಹಿಂದಿನ ಸಲ ಆಟಗಾರನು ಆರಿಸಿಕೊಂಡ ಬೆಲೆಗಳುಳ್ಳ ಕಡತ. ಬಳಿಕ ಆಟಗಾರನು ಕೈಯಾರೆ ಬರೆದಿಟ್ಟ ಮೂರನೆಯ ಕಡತ. ಎಲ್ಲಕ್ಕಿಂತ ಕಡೆಗೆ, ಆಟವನ್ನು ಎಬ್ಬಿಸುವಾಗ ಆಜ್ಞೆಯ ಸಾಲಿನಲ್ಲಿ ಸೇರಿಸಿದ ಬೆಲೆಗಳು. ಈ ಕಡೆಯವನ್ನು ಎರಡು ಸಲ ಓದುತ್ತಾರೆಂಬುದು ಗಮನಾರ್ಹ. ಕಡತಗಳು ಯಾವ ಕೋಶದಲ್ಲಿವೆ ಎಂಬುದನ್ನೇ ಆಜ್ಞೆಯ ಸಾಲು ಬದಲಾಯಿಸಬಹುದಾದ್ದರಿಂದ ಅದನ್ನು ಮೊದಲೇ ನೋಡಬೇಕು. ಕಡತಗಳಲ್ಲಿರುವುದನ್ನು ಮೀರಿಸಬೇಕಾದ್ದರಿಂದ ಮತ್ತೊಮ್ಮೆ ಕೊನೆಯಲ್ಲಿಯೂ ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಆಟದ ನಿಯಮಗಳನ್ನು ನೋಡಿಕೊಳ್ಳುವ ಭಾಗವು ಎಂಜಿನ್ನಿನಿಂದ ಬೇರೆಯಾಗಿದ್ದು, ತಡವಾಗಿ ಒಳಕ್ಕೆ ಬರುತ್ತದೆ. ಕಡತವನ್ನು ಓದುವ ಹೊತ್ತಿಗೆ ‘ಜಿ_ಗ್ರಾವಿಟಿ’ ಎಂಬ ಚರವು ಇನ್ನೂ ಹುಟ್ಟಿಯೇ ಇರುವುದಿಲ್ಲ. ಹುಟ್ಟದ ಮಗುವಿಗೆ ಕುಲಾವಿ ಹೊಲಿದಂತೆ, ಎಂಜಿನ್ ಆ ಹೆಸರಿನಲ್ಲಿ ಒಂದು ಖಾಲಿ ಚರವನ್ನು ನಿರ್ಮಿಸಿ, ‘ಇದು ಬಳಕೆದಾರನು ಹುಟ್ಟಿಸಿದುದು’ ಎಂಬ ಗುರುತನ್ನು ಹಚ್ಚಿ ಬೆಲೆಯನ್ನು ಕಾದಿಡುತ್ತದೆ. ನಿಜವಾದ ಒಡೆಯನು ಬಂದು ಆ ಹೆಸರನ್ನು ಕೇಳಿದಾಗ ಗುರುತನ್ನು ತೆಗೆದುಹಾಕಿ, ಒಡೆಯನು ಹೇಳುವ ಮೂಲಬೆಲೆಯನ್ನು ಪಕ್ಕದಲ್ಲಿ ಬರೆದುಕೊಂಡು, ಕಾದಿಟ್ಟ ಬೆಲೆಯನ್ನು ಅವನ ವಶಕ್ಕೆ ಕೊಡುತ್ತದೆ.

ಗುರುತುಗಳ ಮಾತು ಬಂತು. ಒಂದು ಚರದ ಗುರುತುಗಳೆಲ್ಲವೂ ಒಂದೇ ಪೂರ್ಣಾಂಕದಲ್ಲಿ ಅಡಗಿವೆ. ಕಡತದಲ್ಲಿ ಉಳಿಸಬೇಕಾದುದಕ್ಕೆ 1, ಸರ್ವರಿನಿಂದ ಆಟಗಾರರೆಲ್ಲರ ಯಂತ್ರಗಳಿಗೂ ನಕಲಾಗಬೇಕಾದುದಕ್ಕೆ 8, ಚಿಲಕ ಹಾಕಿದುದಕ್ಕೆ 32, ಓದುವುದಕ್ಕೆ ಮಾತ್ರ ಇರುವುದಕ್ಕೆ 64, ಮೋಸಕ್ಕೆ ಎಡೆಗೊಡುವುದಕ್ಕೆ 512, ಹೀಗೆ ಎರಡರ ಘಾತಗಳು. ದ್ವಿಮಾನ ಪದ್ಧತಿಯನ್ನು ಬಲ್ಲವರಿಗೆ ಇದರ ಗುಟ್ಟು ಕೂಡಲೇ ತಿಳಿಯುತ್ತದೆ: ತೆರೆಯ ಅಳತೆಯನ್ನು ಹೇಳುವ ಚರದ ಗುರುತು 33 ಆಗಿದ್ದರೆ ಅದು 32 ಮತ್ತು 1ರ ಮೊತ್ತವೇ ಹೊರತು ಬೇರೆ ಯಾವುದೂ ಆಗಿರಲಾರದು. ಉಳಿಸಬೇಕಾದುದೂ ಹೌದು, ಚಿಲಕ ಹಾಕಿದುದೂ ಹೌದು.

ಚಿಲಕವೆಂದರೇನು? ತೆರೆಯ ಅಳತೆಯನ್ನು ಬದಲಾಯಿಸಬೇಕಾದರೆ ಚಿತ್ರಗಳನ್ನು ಬರೆಯುವ ಭಾಗವೆಲ್ಲ ತನ್ನ ಸರಂಜಾಮನ್ನು ಮಡಚಿ ಮತ್ತೆ ಹರಡಬೇಕು. ನಡುವೆ ಇದನ್ನು ಮಾಡಿದರೆ ಅನಾಹುತ. ಆದ್ದರಿಂದ ಹೊಸ ಬೆಲೆಯನ್ನು ಬೇರೊಂದು ಜಾಗದಲ್ಲಿ ಬರೆದಿಟ್ಟುಕೊಂಡು, ಮತ್ತೆ ಆರಂಭಿಸಿದಾಗ ಅದು ಜಾರಿಗೆ ಬರುತ್ತದೆಂದು ಎಂಜಿನ್ ತಿಳಿಸುತ್ತದೆ. ಒಂದೇ ಚರಕ್ಕೆ ಈಗಿನ ಬೆಲೆ, ಮುಂದಿನ ಬೆಲೆ, ಮೂಲದ ಬೆಲೆ ಎಂದು ಮೂರು ಬೆಲೆಗಳು! ಮೋಸದ ಗುರುತಿನ ಉಪಯೋಗವನ್ನು ವಿವರಿಸಬೇಕಾದುದಿಲ್ಲ. ನೆರಳುಗಳನ್ನೆಲ್ಲ ಅಳಿಸಿ ಕತ್ತಲೆಯ ಮೂಲೆಗಳನ್ನು ಬೆಳಗಿಸುವ ಚರವೊಂದಿದೆ; ವಸ್ತುಗಳನ್ನು ಕಟ್ಟಿದ ತ್ರಿಕೋನಗಳ ಗೆರೆಗಳನ್ನು ಗೋಡೆಯ ಮೂಲಕವೂ ತೋರಿಸುವ ಚರವೊಂದಿದೆ. ಆಟವನ್ನು ನಿರ್ಮಿಸುವವರಿಗೆ ಇವು ವೈದ್ಯರ ಎಕ್ಸ್-ಕಿರಣದಷ್ಟು ಅವಶ್ಯ. ಪಂದ್ಯದಲ್ಲಿ ಎದುರಾಳಿಯ ಕೈಗೆ ಸಿಕ್ಕರೆ ನ್ಯಾಯವೇ ಉಳಿಯದು. ಸಾಮಾನ್ಯ ರೀತಿಯಲ್ಲಿ ಅಂಕಣವನ್ನು ತೆರೆದ ಕೂಡಲೆ ಈ ಗುರುತುಳ್ಳ ಚರಗಳೆಲ್ಲ ತಮ್ಮ ಮೂಲಬೆಲೆಗೆ ಹಿಂದಿರುಗುತ್ತವೆ. ಬಳಿಕ ಅವುಗಳನ್ನು ಮುಟ್ಟಲು ಬರುವುದಿಲ್ಲ.

ಇಷ್ಟು ಎಚ್ಚರಿಕೆಯಿಂದ ಕಟ್ಟಿದ ಆಡಳಿತದಲ್ಲಿಯೂ ಒಂದು ಬಿರುಕು ಉಳಿದಿತ್ತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ದೋಷಗಣಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಕ್ಕುವುದಿಲ್ಲ.

‘ಕಾಮ್_ಮ್ಯಾಕ್ಸ್‌ಎಫ್‌ಪಿಎಸ್’ ಎಂಬುದು ಮೂರನೆಯ ಕ್ವೇಕ್‌ನ ಒಂದು ಚರ. ಸೆಕೆಂಡಿಗೆ ಗರಿಷ್ಠ ಎಷ್ಟು ಚಿತ್ರಗಳನ್ನು ಬರೆಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಅದರ ಮೂಲಬೆಲೆ 85. ಅದು ಕಡತದಲ್ಲಿ ಉಳಿಯುವ, ಆಟಗಾರನ ಸ್ವಂತ ಇಷ್ಟಕ್ಕೆ ಬಿಟ್ಟ ಚರ. ಚಿತ್ರಗಳು ನುಣುಪಾಗಿ ಕಾಣಬೇಕೆ, ಹೆಚ್ಚಿಸಿಕೊಳ್ಳಿ. ಯಂತ್ರವು ಏದುತ್ತಿದೆಯೆ, ಇಳಿಸಿಕೊಳ್ಳಿ. ಇದಕ್ಕೂ ಆ ಲೋಕದ ಗುರುತ್ವಕ್ಕೂ ಏನು ಸಂಬಂಧ? ಕಣ್ಣಿಗೆ ಕಾಣುವಂತೆ ಯಾವ ಸಂಬಂಧವೂ ಇಲ್ಲ. ಗುರುತ್ವದ ಚರ ಸರ್ವರಿನ ಅಧೀನದಲ್ಲಿರುವಂಥದು. ಅದನ್ನು ಆಟಗಾರನು ಮುಟ್ಟಲಾರ. ಆದರೂ ಈ ಚರವನ್ನು 125 ಎಂದು ಇಟ್ಟುಕೊಂಡ ಆಟಗಾರರು ಇತರರಿಗಿಂತ ಎತ್ತರಕ್ಕೆ ನೆಗೆಯುತ್ತಿದ್ದರು!

ಕಾರಣವನ್ನು ಹುಡುಕೋಣ. ಯಂತ್ರವು ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಚಲನೆಯನ್ನು ಲೆಕ್ಕಹಾಕುತ್ತದೆ. ಒಂದು ಚಿತ್ರಕ್ಕೆ ಒಂದು ಹೆಜ್ಜೆ. ಹೆಜ್ಜೆಯ ಉದ್ದ ಪೂರ್ಣ ಮಿಲಿಸೆಕೆಂಡುಗಳಲ್ಲಿರುತ್ತದೆ: ಸಾವಿರವನ್ನು 125ರಿಂದ ಭಾಗಿಸಿದರೆ 8; 85ರಿಂದ ಭಾಗಿಸಿ ಶೇಷವನ್ನು ಬಿಟ್ಟರೆ 11. ಪ್ರತಿ ಹೆಜ್ಜೆಯಲ್ಲಿಯೂ ಮೇಲ್ಮುಖ ವೇಗದಿಂದ ಗುರುತ್ವ ಮತ್ತು ಕಾಲದ ಗುಣಲಬ್ಧವನ್ನು ಕಳೆಯುತ್ತಾರೆ. ಹೆಜ್ಜೆಯ ಆರಂಭದ ವೇಗ, ಅಂತ್ಯದ ವೇಗ ಇವೆರಡರ ಸರಾಸರಿಯಿಂದ ಸ್ಥಾನವನ್ನು ಮುಂದಕ್ಕೆ ಒಯ್ಯುತ್ತಾರೆ. ಏಕರೂಪ ವೇಗೋತ್ಕರ್ಷಕ್ಕೆ ಈ ವಿಧಾನ ಸಂಪೂರ್ಣವಾಗಿ ಸರಿಯಾದುದು. ಹೆಜ್ಜೆ ಚಿಕ್ಕದಿರಲಿ ದೊಡ್ಡದಿರಲಿ ಎತ್ತರ 45.56 ಏಕಮಾನವೇ ಬರಬೇಕು. ಇದನ್ನು ಬರೆದವರು ಗಣಿತವನ್ನು ಚೆನ್ನಾಗಿ ಬಲ್ಲವರೇ.

ತಪ್ಪು ನುಸುಳಿದುದು ಮಿತವ್ಯಯದ ಬಾಗಿಲಿನಿಂದ. 1999ರಲ್ಲಿ ಬಹುಮಂದಿ ಆಟಗಾರರು ದೂರವಾಣಿಯ ತಂತಿಯ ಮೂಲಕ ಮೋಡೆಮ್ಮಿನಿಂದ ಸಂಪರ್ಕ ಪಡೆಯುತ್ತಿದ್ದರು. ಒಂದೊಂದು ಬಿಟ್ಟನ್ನೂ ಉಳಿಸಬೇಕಾದ ಕಾಲ ಅದು. ದಶಾಂಶಭಾಗವುಳ್ಳ ವೇಗವನ್ನು ಕಳುಹಿಸಲು 32 ಬಿಟ್ಟುಗಳು ಬೇಕು. ವೇಗವು ಪೂರ್ಣಾಂಕವಾಗಿದ್ದು ಹೆಚ್ಚು ದೊಡ್ಡದಲ್ಲದಿದ್ದರೆ 13 ಬಿಟ್ಟುಗಳು ಸಾಕು. ಆದ್ದರಿಂದ ಪ್ರತಿ ಹೆಜ್ಜೆಯ ಕೊನೆಯಲ್ಲಿ ವೇಗವನ್ನು ಹತ್ತಿರದ ಪೂರ್ಣಾಂಕಕ್ಕೆ ತಿದ್ದಿಬಿಡುತ್ತಿದ್ದರು. ಅರ್ಧಕ್ಕಿಂತ ಕಡಿಮೆಯ ಈ ತಿದ್ದುಪಡಿಯಿಂದ ಏನಾದೀತೆಂದು ಯಾರಿಗಾದರೂ ಅನಿಸುವುದು ಸಹಜ.

ಈಗ ಪೆನ್ಸಿಲನ್ನು ತೆಗೆದುಕೊಳ್ಳಿ. ಹೆಜ್ಜೆ 8 ಮಿಲಿಸೆಕೆಂಡು, 800ನ್ನು 0.008ರಿಂದ ಗುಣಿಸಿದರೆ 6.4. ಆರಂಭದ ವೇಗ 270. ಅದರಲ್ಲಿ 6.4 ಕಳೆದರೆ 263.6, ಹತ್ತಿರದ ಪೂರ್ಣಾಂಕ 264. ಕಳೆಯಬೇಕಾದುದು 6.4, ಕಳೆದುದು 6 ಮಾತ್ರ. ಮುಂದಿನ ಹೆಜ್ಜೆ: 264ರಲ್ಲಿ 6.4 ಹೋದರೆ 257.6, ಅದು 258 ಆಗುತ್ತದೆ. ಮತ್ತೆ ಆರೇ. ಪ್ರತಿಯೊಂದು ಹೆಜ್ಜೆಯಲ್ಲಿಯೂ 0.4ರಷ್ಟು ಗುರುತ್ವವು ಸೋರಿಹೋಗುತ್ತದೆ. ವೇಗವು ಸೊನ್ನೆಯಾಗುವುದಕ್ಕೆ 45 ಹೆಜ್ಜೆಗಳು, ಎಂದರೆ 0.36 ಸೆಕೆಂಡು ಬೇಕಾಗುತ್ತದೆ. ಸರಾಸರಿ ವೇಗ 135. ಆದುದರಿಂದ ಎತ್ತರ 48.6 ಏಕಮಾನ. ಆ ಆಟಗಾರನ ಪಾಲಿಗೆ ಗುರುತ್ವವು 800 ಅಲ್ಲ, 750.

ಇನ್ನು ಮೂಲಬೆಲೆಯನ್ನು ಮುಟ್ಟದೆ ಬಿಟ್ಟ ಸಾಧುವಾದ ಆಟಗಾರನನ್ನು ನೋಡಿ. ಅವನ ಹೆಜ್ಜೆ 11 ಮಿಲಿಸೆಕೆಂಡು. ಕಳೆಯಬೇಕಾದುದು 8.8, ತಿದ್ದುಪಡಿಯಾದ ಮೇಲೆ ಕಳೆಯುವುದು 9. ಮೂವತ್ತು ಹೆಜ್ಜೆಗಳಲ್ಲಿ, 0.33 ಸೆಕೆಂಡಿನಲ್ಲಿ ಅವನ ಏರಿಕೆ ಮುಗಿಯುತ್ತದೆ, ಎತ್ತರ 44.55. ಒಂದೇ ಅಂಕಣದಲ್ಲಿ, ಒಂದೇ ಕಾಲದಲ್ಲಿ, ಒಂದೇ ನಿಯಮಕ್ಕೆ ಒಳಪಟ್ಟು ಆಡುತ್ತಿರುವ ಇಬ್ಬರ ನಡುವೆ ನಾಲ್ಕು ಏಕಮಾನಗಳ, ಎಂದರೆ ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ! ಒಬ್ಬನು ಎಟುಕಿಸಿಕೊಳ್ಳುವ ಕಟ್ಟೆಯ ಅಂಚು ಮತ್ತೊಬ್ಬನಿಗೆ ಕೂದಲೆಳೆಯಲ್ಲಿ ತಪ್ಪುತ್ತದೆ. ಸೆಕೆಂಡಿಗೆ 125 ಚಿತ್ರಗಳನ್ನು ಬರೆಯಲಾರದ ಅಗ್ಗದ ಯಂತ್ರವುಳ್ಳ ಹುಡುಗನು ಎಷ್ಟು ಅಭ್ಯಾಸ ಮಾಡಿದರೂ ಆ ಅಂಚನ್ನು ಹತ್ತಲಾರ. ಅವನ ಬೆರಳುಗಳಲ್ಲಿ ದೋಷವಿಲ್ಲ. ಅವನ ಲೋಕದಲ್ಲಿಯೇ ಗುರುತ್ವ ಹೆಚ್ಚು.

ನಾವು ಲಂಬಮಾಪಕ್ಕೆ ಕಣ್ಣಿಟ್ಟು ಅಳತೆ ತೆಗೆಯುವಾಗಲೂ ಹತ್ತಿರದ ಗೆರೆಗೆ ತಿದ್ದಿಯೇ ಓದುತ್ತೇವೆ. ಆದರೆ ಅಲ್ಲಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಿ, ಹಲವು ಅಳತೆಗಳ ಸರಾಸರಿಯಲ್ಲಿ ದೋಷವು ಬಹುಮಟ್ಟಿಗೆ ಕರಗಿಹೋಗುತ್ತದೆ. ಇಲ್ಲಿ ಹಾಗಲ್ಲ. ಹಿಂದಿನ ಹೆಜ್ಜೆಯ ತಿದ್ದಿದ ವೇಗವೇ ಮುಂದಿನ ಹೆಜ್ಜೆಯ ಆರಂಭ. ದೋಷವು ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಬೀಳುತ್ತದೆ, ಹನಿಗೂಡಿ ಹಳ್ಳವಾಗುತ್ತದೆ. ಯಾದೃಚ್ಛಿಕ ದೋಷಕ್ಕೂ ವ್ಯವಸ್ಥಿತ ದೋಷಕ್ಕೂ ಇರುವ ಭೇದವನ್ನು ಪಠ್ಯಪುಸ್ತಕದ ವ್ಯಾಖ್ಯೆಯಿಂದ ಕಂಠಪಾಠ ಮಾಡುವ ಬದಲು ವಿದ್ಯಾರ್ಥಿಗಳು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.

ಚಿತ್ರಗಳನ್ನು ಹೆಚ್ಚಿಸಿದಷ್ಟೂ ನೆಗೆತ ಹೆಚ್ಚುತ್ತದೆಂದು ಭಾವಿಸಬೇಡಿ. ಹೆಜ್ಜೆ 10 ಮಿಲಿಸೆಕೆಂಡಾದರೆ ಕಳೆಯಬೇಕಾದುದು ಸರಿಯಾಗಿ 8. 5 ಆದರೆ ಸರಿಯಾಗಿ 4. ಸೆಕೆಂಡಿಗೆ ನೂರು ಅಥವಾ ಇನ್ನೂರು ಚಿತ್ರ ಬರೆಯುವವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮುಂದೆ ವೇಗವಾದ ಯಂತ್ರಗಳು ಬಂದಾಗ 333 ಚಿತ್ರಗಳೂ ಸಾಧ್ಯವಾದುವು: ಹೆಜ್ಜೆ 3 ಮಿಲಿಸೆಕೆಂಡು, ಕಳೆಯಬೇಕಾದುದು 2.4, ಕಳೆಯುವುದು 2, ಎತ್ತರ 54.7 ಏಕಮಾನ. ಇನ್ನೂ ಆಸೆಪಟ್ಟು ಐನೂರಕ್ಕೆ ಹೋದನೆನ್ನಿ: ಹೆಜ್ಜೆ 2, ಕಳೆಯಬೇಕಾದುದು 1.6, ಕಳೆಯುವುದು 2. ಗುರುತ್ವ ಒಮ್ಮೆಗೇ ಸಾವಿರಕ್ಕೇರಿ, ನೆಗೆತ 36.45ಕ್ಕೆ ಕುಸಿಯುತ್ತದೆ! ಒಂದು ಮಿಲಿಸೆಕೆಂಡಿನ ಅಂತರದಲ್ಲಿ ಮೂರರಲ್ಲೊಂದು ಭಾಗ ಎತ್ತರ ಮಾಯ. ನಾಲ್ಕು, ಆರು, ಏಳು ಮಿಲಿಸೆಕೆಂಡುಗಳಿಗೆ ಏನಾಗುತ್ತದೆಂಬುದನ್ನು ಓದುಗರಿಗೇ ಬಿಟ್ಟಿದ್ದೇನೆ.

ಇದನ್ನು ಸರಿಪಡಿಸುವ ಬಗೆ ಹೇಗೆ? ತಿದ್ದುಪಡಿಯನ್ನೇ ಕೈಬಿಡಬಹುದಾಗಿತ್ತು, ಆಗ ತಂತಿಯ ಮೇಲಿನ ಹೊರೆ ಹೆಚ್ಚುತ್ತಿತ್ತು, 125ರ ನೆಗೆತಕ್ಕೆ ಹೊಂದಿಕೊಂಡಿದ್ದ ಆಟಗಾರರು ದಂಗೆಯೇಳುತ್ತಿದ್ದರು. ಕರ್ತೃಗಳು ಹಿಡಿದುದು ಬೇರೆ ದಾರಿ. ‘ಪೀಮೂವ್_ಫಿಕ್ಸೆಡ್’, ‘ಪೀಮೂವ್_ಎಂಸೆಕ್’ ಎಂಬ ಇನ್ನೆರಡು ಚರಗಳನ್ನು ಸೇರಿಸಿದರು. ಮೊದಲನೆಯದನ್ನು 1 ಮಾಡಿದರೆ, ಯಾರ ಯಂತ್ರ ಎಷ್ಟೇ ಚಿತ್ರಗಳನ್ನು ಬರೆಯುತ್ತಿರಲಿ, ಚಲನೆಯ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ ಉದ್ದದ ಹೆಜ್ಜೆಗಳಲ್ಲಿ ನಡೆಯುತ್ತದೆ. ಆ ಉದ್ದವನ್ನು ಎರಡನೆಯ ಚರ ಹೇಳುತ್ತದೆ. ಅದರ ಮೂಲಬೆಲೆ 8. ಯಾರಾದರೂ ಎಂಟಕ್ಕಿಂತ ಕಡಿಮೆ ಬರೆದರೆ ಅದನ್ನು ಎಂಟಕ್ಕೂ, 33ಕ್ಕಿಂತ ಹೆಚ್ಚು ಬರೆದರೆ 33ಕ್ಕೂ ತಂದು ನಿಲ್ಲಿಸುತ್ತಾರೆ. ಇವೆರಡಕ್ಕೂ ಮೇಲೆ ಹೇಳಿದ ಎಂಟರ ಗುರುತು ಇದೆ. ಸರ್ವರಿನಲ್ಲಿರುವ ಬೆಲೆಯೇ ಎಲ್ಲರ ಯಂತ್ರಗಳಲ್ಲಿಯೂ ನಕಲಾಗುತ್ತದೆ. ಆಟಗಾರನ ಕೈಯಲ್ಲಿದ್ದ ತಿರುಪಿನಿಂದ ಲೋಕದ ಗುರುತ್ವಕ್ಕೆ ಹೋಗುತ್ತಿದ್ದ ಗುಪ್ತವಾದ ಎಳೆಯನ್ನು ಹೀಗೆ ಕತ್ತರಿಸಿದಂತಾಯಿತು. ಒಂದು ತಮಾಷೆಯನ್ನು ಗಮನಿಸಿದಿರಾ? ಹೆಜ್ಜೆ ಎಂಟಾದ್ದರಿಂದ ದೋಷ ಹೋಗಲಿಲ್ಲ. ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಚರದಲ್ಲಿ 800 ಎಂದು ಬರೆದಿದ್ದರೂ ಎಲ್ಲರೂ 750ರಲ್ಲಿಯೇ ನೆಗೆಯುತ್ತಾರೆ. ಮೊದಲನೆಯ ಚರದ ಮೂಲಬೆಲೆಯನ್ನು ಸೊನ್ನೆಯೆಂದೇ ಇಟ್ಟಿರುವುದರಿಂದ, ಸರ್ವರನ್ನು ನಡೆಸುವವನು ಬೇಕೆಂದು ತಿರುಗಿಸಿದ ಹೊರತು ಹಳೆಯ ಅನ್ಯಾಯವೇ ಮುಂದುವರಿಯುತ್ತದೆ. ಇದು ನನಗೆ ಅಷ್ಟಾಗಿ ಒಪ್ಪಿಗೆಯಾಗದ ಸಂಗತಿ.

ಈಚಿನ ಎಂಜಿನ್ನುಗಳ ಕಡೆಗೂ ಒಂದು ನೋಟ ಹಾಯಿಸಬಹುದು. ಕ್ವೇಕ್‌ನ ಎಂಜಿನ್ನಿನಿಂದ ಬೆಳೆದ ‘ಹಾಫ್-ಲೈಫ್’ 1998ರಲ್ಲಿ ಬಂದಿತು; ಅದರ ಸಂತತಿಯವಾದ ಆಟಗಳಲ್ಲಿ ‘ಎಸ್‌ವಿ_ಗ್ರಾವಿಟಿ’ ಎಂಬ ಹೆಸರೂ ಹಲವು ಕಡೆ 800 ಎಂಬ ಬೆಲೆಯೂ ಪಿತ್ರಾರ್ಜಿತ ಆಸ್ತಿಯಂತೆ ಇಳಿದು ಬಂದಿವೆ. ಬೇರೊಂದು ವಂಶದ್ದಾದ ‘ಅನ್‌ರಿಯಲ್’ ಎಂಜಿನ್ನಿನವರು ‘ಕಡೆಯಲ್ಲಿ ಬರೆದವನೇ ಗೆದ್ದವನು’ ಎಂಬ ನಿಯಮವನ್ನೇ ತೊರೆದಿದ್ದಾರೆ. ಅಲ್ಲಿ ಪ್ರತಿಯೊಂದು ಚರವೂ ತನ್ನ ಬೆಲೆಯ ಜೊತೆಗೆ, ಆ ಬೆಲೆಯನ್ನು ಬರೆದವನ ಅಂತಸ್ತನ್ನೂ ನೆನಪಿಟ್ಟುಕೊಳ್ಳುತ್ತದೆ. ಮೂಲಪಾಠದ ಆರಂಭಬೆಲೆ ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಚಿತ್ರದ ಗುಣಮಟ್ಟದ ಹಂತಗಳು. ಅದರ ಮೇಲೆ ಆಟದ ಸೂಚಿಯಲ್ಲಿ ಆಟಗಾರನು ಆರಿಸಿದುದು. ಅನಂತರ ಯೋಜನೆಯ ಕಡತ, ಸಾಧನದ ಕಡತ, ಆಜ್ಞೆಯ ಸಾಲು ಇತ್ಯಾದಿ. ತುತ್ತತುದಿಯಲ್ಲಿ ಕನ್ಸೋಲಿನಲ್ಲಿ ಕೈಯಿಂದ ಬರೆದುದು. ಕೆಳಗಿನವನು ಮೇಲಿನವನ ಬರೆಹವನ್ನು ಅಳಿಸಲಾರ. ಅಳಿಸಹೋದರೆ, ನಿನ್ನ ಮಾತನ್ನು ಮನ್ನಿಸಲಿಲ್ಲವೆಂದು ದಾಖಲೆಯಲ್ಲಿ ಒಂದು ಸಾಲು ಬರುತ್ತದೆ. ಜಿಗುರಾಟ್‌ನ ತೊಡಕು ಇಲ್ಲಿ ಹುಟ್ಟುವಂತೆಯೇ ಇಲ್ಲ.

ಆದರೆ ಇದರ ಬೆನ್ನಿಗೆ ಇನ್ನೊಂದು ತೊಡಕು ಬಂದಿದೆ. ಪರೀಕ್ಷಕನೊಬ್ಬನು ನೆರಳಿನ ಚರವನ್ನು ಕನ್ಸೋಲಿನಲ್ಲಿ ಒಮ್ಮೆ ಬದಲಾಯಿಸಿ ನೋಡುತ್ತಾನೆ. ಬಳಿಕ ಆಟದ ಸೂಚಿಯನ್ನು ತೆರೆದು ನೆರಳಿನ ಗುಣಮಟ್ಟವನ್ನು ಎಡಕ್ಕೂ ಬಲಕ್ಕೂ ಜರುಗಿಸುತ್ತಾನೆ. ಏನೂ ಬದಲಾಗುವುದಿಲ್ಲ. ಸೂಚಿ ಕೆಟ್ಟಿದೆಯೆಂದು ಅವನು ದೂರು ಬರೆಯುತ್ತಾನೆ. ಸೂಚಿ ಕೆಟ್ಟಿಲ್ಲ, ಅವನೇ ಅರ್ಧ ಗಂಟೆಯ ಹಿಂದೆ ಬರೆದ ಉನ್ನತ ಅಂತಸ್ತಿನ ಬೆಲೆ ಗದ್ದುಗೆಯಿಂದ ಇಳಿದಿಲ್ಲ. ಅವನು ಆಟವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಸೂಚಿ ಎಂದಿನಂತೆ ಕೆಲಸ ಮಾಡುತ್ತದೆ. ದೂರನ್ನು ವಿಚಾರಿಸಲು ಬಂದವನು ತನ್ನ ಯಂತ್ರದಲ್ಲಿ ಎಷ್ಟು ಪ್ರಯತ್ನಿಸಿದರೂ ದೋಷವು ಅವನ ಕಣ್ಣಿಗೆ ಬೀಳುವುದಿಲ್ಲ. ಅವನು ಮೊದಲು ಕೇಳಬೇಕಾದುದು ಚರದ ಬೆಲೆ ಎಷ್ಟೆಂಬುದನ್ನಲ್ಲ, ಅದನ್ನು ಬರೆದವರು ಯಾರೆಂಬುದನ್ನು. ಕನ್ಸೋಲಿನಲ್ಲಿ ಚರದ ಹೆಸರನ್ನಷ್ಟೆ ಬರೆದು ಒತ್ತಿದರೆ ಎಂಜಿನ್ ಅದನ್ನೂ ಹೇಳುತ್ತದೆ.